ನಾನು ಕೊಟ್ಟಿದ್ದ ಅರ್ಧ ಸಲಹೆ

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಬೋಟ್‌ನಲ್ಲಿ ಹತ್ತಿರ ಹತ್ತಿರ ಒಂದೂವರೆ ಗಂಟೆ ದಾರಿ. ಡೈವಿಂಗ್‌ಗೆ ಬಂದವರನ್ನು ಅಲ್ಲಿ ನೀರಿಗಿಳಿಸಿ, ಹವಳ ತೋರಿಸಿ, ಹುಷಾರಾಗಿ ವಾಪಸ್ ಹತ್ತಿಸುವುದು ನನ್ನ ಕೆಲಸ.

ನೀರಿಗೆ ಹಾರುವ ಐದು ನಿಮಿಷ ಮುಂಚೆ ಎಲ್ಲರೂ ಸನ್‌ಸ್ಕ್ರೀನ್ ಬಳಿದುಕೊಳ್ಳುತ್ತಾರೆ. ಹಾರಿದ ಮೇಲೆ ನೋಡಿದರೆ ಬೋಟಿನ ಪಕ್ಕ ನೀರಿನ ಮೇಲೆ ಎಣ್ಣೆಯ ತೆಳು ಪೊರೆ, ಬಿಸಿಲಿಗೆ ಬಣ್ಣ ಬಣ್ಣವಾಗಿ ಹೊಳೆಯುತ್ತಿರುತ್ತದೆ. ಅದರ ಕೆಳಗೇ ಹವಳ. ಮೊದಲ ಸೀಸನ್ನಿನಲ್ಲಿ ಅದನ್ನು ನೋಡಿ ನನಗೆ ಹೊಟ್ಟೆ ಉರಿಯಿತು. ಆಮೇಲೆ ಹತ್ತಿದವರಿಗೆಲ್ಲ ಒಂದೇ ಮಾತು: "ಸನ್‌ಸ್ಕ್ರೀನ್ ಹಚ್ಚಬೇಡಿ, ಹವಳ ಸಾಯುತ್ತೆ."

ಒಬ್ಬ ಹುಡುಗಿ ನನ್ನ ಮಾತು ಕೇಳಿದಳು. ಅವಳು ಡೈವ್ ಮಾಡಲಿಲ್ಲ, ಬರೀ ಸ್ನಾರ್ಕಲಿಂಗ್. ಮುಖ ನೀರಲ್ಲಿ, ಬೆನ್ನು ಬಿಸಿಲಿಗೆ, ಸುಮಾರು ಒಂದು ಗಂಟೆ. ವಾಪಸ್ ಬರುವಾಗ ಕತ್ತಿನ ಹಿಂಭಾಗ, ಮೊಣಕಾಲಿನ ಹಿಂದೆ ಎಲ್ಲ ಕೆಂಡದ ಹಾಗಾಗಿತ್ತು. ಲೈಫ್ ಜಾಕೆಟ್ಟಿನ ಪಟ್ಟಿ ಇದ್ದ ಕಡೆ ಮಾತ್ರ ಮೊದಲಿನ ಬಣ್ಣ. ಒರಗಿ ಕೂರಲೂ ಆಗುತ್ತಿರಲಿಲ್ಲ. "ಅಣ್ಣಾ, ನೀವು ಬೇಡ ಅಂದ್ರಿ ಅಂತ ಏನೂ ಹಚ್ಚಲಿಲ್ಲ" ಅಂದಳು. ಒದ್ದೆ ಟವೆಲ್ ಕೊಟ್ಟೆ. ಆವತ್ತು ದಡ ಬರುವುದೇ ಇಲ್ಲವೇನೋ ಅನ್ನಿಸಿತ್ತು.

ಬೇಡ ಅನ್ನುವುದು ಸುಲಭ. ಬದಲಿಗೆ ಏನು ಅಂತ ನಾನು ಹೇಳಿರಲೇ ಇಲ್ಲ. ಹಾಗಾಗಿ ಕೂತು ಓದಿದೆ.

ಹೆಚ್ಚು ದೂರು ಇರುವುದು ಸನ್‌ಸ್ಕ್ರೀನಿನಲ್ಲಿರುವ ಎರಡು ರಾಸಾಯನಿಕಗಳ ಮೇಲೆ: ಆಕ್ಸಿಬೆನ್ಜೋನ್ ಮತ್ತು ಆಕ್ಟಿನೊಕ್ಸೇಟ್. ಇವೆರಡರಲ್ಲಿ ಒಂದಿದ್ದರೂ ಆ ಕ್ರೀಮನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ಹವಾಯಿ 2021ರ ಜನವರಿಯಿಂದ ಕಾನೂನು ತಂದಿದೆ. ಪಲಾವು ದೇಶ 2020ರಲ್ಲೇ ಹತ್ತು ವಸ್ತುಗಳನ್ನು ನಿಷೇಧಿಸಿತ್ತು. ಹವಳಕ್ಕೆ ಎಲ್ಲಕ್ಕಿಂತ ದೊಡ್ಡ ಹೊಡೆತ ಸಮುದ್ರ ಬಿಸಿಯಾಗುತ್ತಿರುವುದು, ಅದು ನಿಜ. 2024ರಲ್ಲಿ ಲಕ್ಷದ್ವೀಪದ ಹವಳ ಬೆಳ್ಳಗಾಗಿದ್ದು ಅದರಿಂದಲೇ. ಆದರೆ 2022ರಲ್ಲಿ ಸ್ಟ್ಯಾನ್‌ಫರ್ಡ್ ವಿಜ್ಞಾನಿಗಳು ಇನ್ನೊಂದು ವಿಷಯ ಕಂಡುಕೊಂಡರು. ಹವಳದ ಹತ್ತಿರದ ಬಳಗದ ಸೀ ಅನಿಮೋನ್ ತನ್ನ ಮೈಯೊಳಗೆ ಆಕ್ಸಿಬೆನ್ಜೋನನ್ನು ಬದಲಾಯಿಸುತ್ತದೆ, ಆಮೇಲೆ ಬಿಸಿಲು ಬಿದ್ದರೆ ಅದೇ ವಿಷ. ಒಳಗಿರುವ ಪಾಚಿ ಆ ವಿಷವನ್ನು ಸ್ವಲ್ಪ ಹೀರಿ ಕಾಪಾಡುತ್ತದೆ. ಬಿಸಿಗೆ ಬೆಳ್ಳಗಾದ ಹವಳದಲ್ಲಿ ಆ ಪಾಚಿಯೇ ಇರುವುದಿಲ್ಲ, ಅಲ್ವಾ? ಗಾಯದ ಮೇಲೆ ಬರೆ ಅಂದರೆ ಇದೇ.

ಈಗ ನಾನು ಟ್ಯೂಬಿನ ಮುಂಭಾಗ ನೋಡುವುದೇ ಇಲ್ಲ. 'ರೀಫ್ ಸೇಫ್', ಅಂದರೆ ಹವಳಕ್ಕೆ ಹಾನಿಯಿಲ್ಲ, ಎಂಬ ಮಾತಿಗೆ ಅಮೆರಿಕದಲ್ಲೂ ಕಾನೂನಿನ ಅರ್ಥವಿಲ್ಲ, ಯಾರು ಬೇಕಾದರೂ ಅಚ್ಚು ಹಾಕಬಹುದು. ಹಿಂದಿನ ಸಣ್ಣ ಅಕ್ಷರ ಓದಬೇಕು. ಆಕ್ಸಿಬೆನ್ಜೋನ್ ಅಲ್ಲಿ 'ಬೆನ್ಜೋಫಿನೋನ್-3' ಎಂಬ ಹೆಸರಲ್ಲೂ, ಆಕ್ಟಿನೊಕ್ಸೇಟ್ 'ಎಥೈಲ್‌ಹೆಕ್ಸೈಲ್ ಮೆಥಾಕ್ಸಿಸಿನ್ನಮೇಟ್' ಎಂಬ ಹೆಸರಲ್ಲೂ ಇರುತ್ತದೆ. ನಾನು ಹುಡುಕುವುದು ಝಿಂಕ್ ಆಕ್ಸೈಡ್, ಅದೂ ನ್ಯಾನೋ (ಅತಿ ಸಣ್ಣ ಕಣದ್ದು) ಅಲ್ಲದ್ದು, ಬಿಸಿಲು ತಡೆಯುವ ಅಳತೆಯಾದ ಎಸ್‌ಪಿಎಫ್ 30 ಅಥವಾ 50, ನೀರಿಗೆ ತಡೆಯುವಂಥದ್ದು. ಎಸ್‌ಪಿಎಫ್ 30 ಇರುವುದು ಚರ್ಮ ಸುಡುವ ಯುವಿಬಿ ಕಿರಣವನ್ನು ಶೇಕಡ 97ರಷ್ಟು ತಡೆದರೆ, 50 ಇರುವುದು ಶೇಕಡ 98ರಷ್ಟು. ಆ ಒಂದಕ್ಕಾಗಿ ಜಾಸ್ತಿ ದುಡ್ಡು ಕೊಡುವ ಬದಲು ಎರಡು ಗಂಟೆಗೊಮ್ಮೆ ದಪ್ಪಗೆ ಹಚ್ಚಿ. ಝಿಂಕ್ ನಮ್ಮ ಬಣ್ಣದ ಚರ್ಮದ ಮೇಲೆ ಬೂದಿ ಬಳಿದ ಹಾಗೆ ಕಾಣುತ್ತದೆ ಎಂದು ತುಂಬಾ ಜನ ಬಿಡುತ್ತಾರೆ. ಬಣ್ಣ ಬೆರೆಸಿದ ಟಿಂಟೆಡ್ ಕ್ರೀಮ್ ಸಿಗುತ್ತದೆ. ಅದರಲ್ಲಿರುವ ಐರನ್ ಆಕ್ಸೈಡ್ ಬಂಗು ಇರುವವರಿಗೂ ಒಳ್ಳೆಯದು.

ಬೋಟಿನಲ್ಲಿ ಸ್ಪ್ರೇ ಮಾತ್ರ ಬೇಡ. ಗಾಳಿಗೆ ಅರ್ಧ ಸಮುದ್ರಕ್ಕೆ ಹೋಗುತ್ತದೆ, ಉಳಿದದ್ದು ನೆಲಕ್ಕೆ ಬಿದ್ದು ಕಾಲು ಜಾರುತ್ತದೆ.

ಆದರೆ ನಾನು ಮೊದಲು ಹೇಳುವುದು ಕ್ರೀಮ್ ಅಲ್ಲ, ಬಟ್ಟೆ. ತುಂಬು ತೋಳಿನ ರ‍್ಯಾಶ್‌ಗಾರ್ಡ್ (ನೀರಿಗಿಳಿಯಲು ಹಾಕುವ ಬಿಗಿ ಅಂಗಿ), ಉದ್ದ ಲೆಗ್ಗಿಂಗ್ಸ್ ಹಾಕಿದರೆ ಕ್ರೀಮ್ ಬೇಕಾಗುವುದು ಮುಖ, ಕತ್ತು, ಕೈ, ಪಾದಕ್ಕೆ ಮಾತ್ರ. ಅದನ್ನೂ ಬೋಟ್ ಹೊರಡುವ ಮುಂಚೆ ದಡದಲ್ಲೇ ಹಚ್ಚಿಸುತ್ತೇನೆ, ನೇತ್ರಾಣಿ ಬರುವಷ್ಟರಲ್ಲಿ ಚರ್ಮಕ್ಕೆ ಹಿಡಿದಿರುತ್ತದೆ. ತರದೆ ಬಂದವರಿಗೆ ಕೊಡಲು ನಾಲ್ಕು ರ‍್ಯಾಶ್‌ಗಾರ್ಡ್ ಬೋಟಿನಲ್ಲೇ ಇಟ್ಟಿದ್ದೇನೆ. ಸ್ನಾರ್ಕಲಿಂಗ್‌ಗೆ ಬಂದವರಿಗೇ ಮೊದಲು ಕೊಡುತ್ತೇನೆ.