ಕಾರು ಕೊಬ್ಬರಿ ಮೂಟೆ ಅಲ್ಲ

ನಮ್ಮಪ್ಪ ಮೂವತ್ತು ವರ್ಷ ಲಾರಿ ಓಡಿಸಿದವರು. ತಿಪಟೂರಿನ ಎಪಿಎಂಸಿಯಿಂದ ಕೊಬ್ಬರಿ ಮೂಟೆ ತುಂಬಿಕೊಂಡು ಉತ್ತರದ ಕಡೆಗೆಲ್ಲ ಹೋಗಿ ಬರುತ್ತಿದ್ದರು. ಲೋಡು ಕಟ್ಟಿದ ಮೇಲೆ ಹಗ್ಗವನ್ನು ಹೆಬ್ಬೆರಳಿನಿಂದ ಒಂದು ಸಲ ಮೀಟುವುದು ಅವರ ಅಭ್ಯಾಸ. "ತಂಬೂರಿ ತಂತಿ ಹಂಗೆ ಟಣ್ ಅನ್ಬೇಕು ಕಣೋ. ಬೊಸ್ ಅಂದ್ರೆ ಬಿಚ್ಚಿ ಮತ್ತೆ ಕಟ್ಟು" ಅನ್ನುತ್ತಿದ್ದರು. ಎಂಟು ವರ್ಷದ ಹಿಂದೆ ನಾನು ಫ್ಲಾಟ್‌ಬೆಡ್ ಟೋವಿಂಗ್ ಗಾಡಿ ತಗೊಂಡಾಗ ನನ್ನ ಹತ್ತಿರ ಇದ್ದ ವಿದ್ಯೆ ಇಷ್ಟೇ.

ಮನೆ ತುಮಕೂರಿನ ಪಕ್ಕದ ಕ್ಯಾತ್ಸಂದ್ರದಲ್ಲಿ. ಶಿರಾ, ಗುಬ್ಬಿ, ಕೊರಟಗೆರೆ, ಆ ಕಡೆ ಡಾಬಸ್‌ಪೇಟೆ, ಇಷ್ಟು ನನ್ನ ಸರಹದ್ದು. ಕೆಟ್ಟು ನಿಂತ ಕಾರು, ಗುದ್ದಿಸಿಕೊಂಡ ಕಾರು, ಬಿಸಿಯಾಗಿ ಹೊಗೆ ಬಿಡೋ ಕಾರು, ಯಾವುದಾದರೂ ಸರಿ, ಎತ್ತಿ ಗಾಡಿಯ ಹಿಂದಿನ ಚಪ್ಪಟೆ ಡೆಕ್ಕಿನ ಮೇಲೆ ಹಾಕಿ ಗ್ಯಾರೇಜಿಗೆ ಮುಟ್ಟಿಸುವುದು ಕೆಲಸ. ನೋಡುವವರಿಗೆ ರೋಪು ಸುತ್ತಿ ಎಳೆಯುವ ವಿಂಚ್‌ನಲ್ಲಿ ಕಾರು ಮೇಲಕ್ಕೆ ಹತ್ತಿಸುವುದೇ ದೊಡ್ಡ ತಮಾಷೆ. ಸುತ್ತ ನಿಂತು ವೀಡಿಯೊ ಮಾಡುತ್ತಾರೆ. ಅದು ಸುಲಭದ ಭಾಗ. ಕಷ್ಟ ಇರುವುದು ಕಟ್ಟುವುದರಲ್ಲಿ.

ಮೊದಲ ವರ್ಷ ಶಿರಾದಿಂದ ಒಂದು ಇನ್ನೋವಾ ತರುತ್ತಿದ್ದೆ. ಮಳೆ ಬಂದು ನಿಂತಿತ್ತು. ಮುಂದೆ ವಿಂಚಿನ ರೋಪು ಹಾಗೇ ಬಿಟ್ಟಿದ್ದೆ. ಹಿಂದೆ ಎರಡು ಬೆಲ್ಟು, ಕೊಕ್ಕೆ ಎರಡೂ ಚಾಸಿಗೆ, ಅಂದರೆ ಬಾಡಿ ಹೊತ್ತ ಚೌಕಟ್ಟಿಗೆ. ಅಪ್ಪನ ಲೆಕ್ಕದಂತೆ ಬೆಲ್ಟು ಬಿಗಿ ಮಾಡುವ ಹಲ್ಲಿನ ಹಿಡಿ, ರ‍್ಯಾಚೆಟ್ ಎಳೆದೆ, ಎಳೆದೆ, ಕಾರಿನ ಹಿಂಭಾಗ ಎರಡು ಬೆರಳು ಕೆಳಗೆ ಕೂರುವ ತನಕ ಎಳೆದೆ. ಮೀಟಿದರೆ ಟಣ್ ಅಂತು. ಖುಷಿಯಿಂದ ಹೊರಟೆ.

ಕೋರಾ ಹತ್ತಿರ ಸರ್ವಿಸ್ ರಸ್ತೆಗೆ ಇಳಿದಾಗ ಒಂದು ಹಂಪು. ಬಣ್ಣ ಇಲ್ಲ, ಬೋರ್ಡು ಇಲ್ಲ. ದಡ್ ಅಂತ ಹತ್ತಿ ಇಳಿಯಿತು. ಸ್ವಲ್ಪ ಮುಂದೆ ಒಬ್ಬ ಬೈಕಿನವನು ಅಡ್ಡ ಬಂದ. ಬ್ರೇಕ್ ಒತ್ತಿದೆ. ಬೆನ್ನ ಹಿಂದೆ ಡಬ್ ಅಂತ ಒಂದು ಸದ್ದು. ಇಡೀ ಕ್ಯಾಬಿನ್ ಅಲುಗಾಡಿತು.

ಇಳಿದು ನೋಡಿದರೆ ಇನ್ನೋವಾ ಎರಡು ಗೇಣು ಮುಂದೆ ಬಂದು ಕ್ಯಾಬಿನ್ ಗಾರ್ಡಿಗೆ ಮುತ್ತಿಕ್ಕಿತ್ತು. ಬಂಪರ್ ಒಡೆದಿತ್ತು, ಒಂದು ಹೆಡ್‌ಲೈಟ್ ಹೋಗಿತ್ತು. ಹ್ಯಾಂಡ್‌ಬ್ರೇಕ್ ಹಾಕಿದ್ದೆ, ಗೇರ್‌ನಲ್ಲೂ ಬಿಟ್ಟಿದ್ದೆ. ಚಕ್ರ ತಿರುಗಿರಲೇ ಇಲ್ಲ, ಒದ್ದೆ ಕಬ್ಬಿಣದ ಮೇಲೆ ಇದ್ದ ಹಾಗೆಯೇ ಜಾರಿತ್ತು. ವಿಂಚಿನ ರೋಪು ಮುಂದೆ ಇರುವುದು, ಕಾರು ಮುಂದಕ್ಕೆ ಬಂದರೆ ಅದು ಯಾವ ಮಣ್ಣು ಹಿಡಿಯುತ್ತದೆ? ಸಡಿಲವಾಗಿ ಬಿದ್ದಿತ್ತು. ನನಗೆ ತಲೆ ಕೆಟ್ಟಿದ್ದು ಹಿಂದಿನ ಬೆಲ್ಟುಗಳನ್ನು ನೋಡಿ. ತುಂಡಾಗಿದ್ದರೆ ಅರ್ಥ ಆಗುತ್ತಿತ್ತು. ಒಂದು ನೂಲು ಕೂಡ ಕಿತ್ತಿರಲಿಲ್ಲ. ಕೊಕ್ಕೆ ಎರಡೂ ಕಳಚಿಕೊಂಡು ಡೆಕ್ಕಿನ ಮೇಲೆ ಸುಮ್ನೆ ಮಲಗಿದ್ದವು.

ಖರ್ಚು ನನ್ನದೇ. ಆ ತಿಂಗಳು ಗಾಡಿ ಕಂತು ಕಟ್ಟಲು ಹೆಂಡತಿಯ ಚೀಟಿ ದುಡ್ಡು ಎತ್ತಬೇಕಾಯಿತು. ಅದರ ಮಾತು ಈಗಲೂ ಬರುತ್ತಿರುತ್ತದೆ, ಬಿಡಿ.

ಇದಕ್ಕೆ ಉತ್ತರ ಸಿಕ್ಕಿದ್ದು ಡಾಬಸ್‌ಪೇಟೆ ಹತ್ತಿರದ ಒಂದು ಡಾಬಾದಲ್ಲಿ. ನಮ್ಮ ಊರಿನ ಮೇಲೆ ಹೋಗುವ ಹೆದ್ದಾರಿ 48 ಇದೆಯಲ್ಲ, ಅದು ಚೆನ್ನೈಯಿಂದ ದೆಹಲಿಗೆ ಹೋಗುವ ರಸ್ತೆ. ಕಾರು ಫ್ಯಾಕ್ಟರಿ ಇರುವ ಶ್ರೀಪೆರಂಬದೂರು ಕೂಡ ಇದೇ ರಸ್ತೆಯ ಮೇಲಿದೆ. ಹಾಗಾಗಿ ಹೊಸ ಕಾರು ತುಂಬಿದ ಉದ್ದದ ಕ್ಯಾರಿಯರ್ ಲಾರಿಗಳು ಹಗಲೂ ರಾತ್ರಿ ಹೋಗುತ್ತಿರುತ್ತವೆ. ಅಂಥ ಒಂದು ಲಾರಿಯ ಡ್ರೈವರ್, ಹರಿಯಾಣದವನು, ಚಹಾ ಕುಡಿಯುತ್ತ ನನ್ನ ಗಾಡಿ ಮೇಲಿದ್ದ ಸ್ವಿಫ್ಟನ್ನು ನೋಡಿದ. ನಕ್ಕ. ಎದ್ದು ಬಂದು ಡೆಕ್ಕಿಗೆ ಹತ್ತಿದ. ಡಿಕ್ಕಿಯ ಮೇಲೆ ಎರಡೂ ಕೈ ಇಟ್ಟು ಒಂದು ಸಲ ಜೋರಾಗಿ ಅದುಮಿದ. ಸ್ಪ್ರಿಂಗ್ ಕುಗ್ಗಿ ಕಾರು ಕೆಳಗೆ ಹೋಯಿತು. ಅಷ್ಟು ಬಿಗಿಯಾಗಿದ್ದ ಬೆಲ್ಟು ಜೋತುಬಿತ್ತು. ಕಾಲಿನಿಂದ ಕೊಕ್ಕೆಯನ್ನು ಸುಮ್ನೆ ತಳ್ಳಿದ, ಟಿಕ್ ಅಂತ ಕಳಚಿತು.

ಕೋರಾದ ಹಂಪಿನಲ್ಲಿ ಆಗಿದ್ದು ಅದೇ. ಕೊಬ್ಬರಿ ಮೂಟೆಗೆ ಸ್ಪ್ರಿಂಗ್ ಇಲ್ಲ. ಕಾರಿಗೆ ನಾಲ್ಕಿವೆ. ಚಾಸಿಗೆ ಕೊಕ್ಕೆ ಹಾಕಿ ಎಷ್ಟು ಎಳೆದರೂ ಹಂಪಿನಲ್ಲಿ ಬಾಡಿ ಕೂತಾಗ ಬೆಲ್ಟು ಒಂದು ಕ್ಷಣ ಸಡಿಲ. ಬಾಯಿ ತೆರೆದ ಕೊಕ್ಕೆಗೆ ಆ ಒಂದು ಕ್ಷಣ ಸಾಕು.

ನನ್ನ ಹಿಂದಿ ಅಷ್ಟಕ್ಕಷ್ಟೇ. ಆದರೂ ಅವನು ಹೇಳಿದ್ದು ತಲೆಗೆ ಹೋಯಿತು: ಅದು ಉಸಿರಾಡಲಿ ಬಿಡು, ಕಾಲು ಮಾತ್ರ ಕಟ್ಟು. ಹಾಲು ಕರೆಯುವಾಗ ಒದೆಯುವ ಹಸುವಿಗೆ ಹಿಂಗಾಲು ಕಟ್ಟುತ್ತೇವಲ್ಲ, ಹಾಗೆ. ಅವನ ಲಾರಿಯಲ್ಲಿ ಬೆಲ್ಟು ಟೈರಿನ ಮೇಲೆಯೇ ಸುತ್ತಿ ಬಂದಿತ್ತು. ಚಕ್ರದ ಮುಂದೆ ಡೆಕ್ಕಿಗೆ ಒಂದು ಕೊಕ್ಕೆ. ಅಲ್ಲಿಂದ ಬೆಲ್ಟು ಟೈರಿನ ತಲೆ ಮೇಲೆ ಹಾದು ಹಿಂದೆ ಇಳಿದು ರ‍್ಯಾಚೆಟ್ಟಿಗೆ. ಟೈರಿನ ಮೇಲೆ ಕೂರುವ ಕಡೆ ಜಾರದಿರಲು ಮೂರು ರಬ್ಬರ್ ತುಂಡು. ಚಕ್ರ ಡೆಕ್ಕಿಗೆ ಅಂಟಿಕೊಂಡಿರುತ್ತದೆ, ಬಾಡಿ ಸ್ಪ್ರಿಂಗ್ ಮೇಲೆ ತನ್ನ ಪಾಡಿಗೆ ಆಡಿಕೊಂಡಿರುತ್ತದೆ. ಆಟ ಎಷ್ಟಾದರೂ ಬೆಲ್ಟಿಗೆ ಗೊತ್ತೇ ಆಗುವುದಿಲ್ಲ. ಅಲಾಯ್ ಚಕ್ರಕ್ಕೆ ಗೀರು ಬೀಳುವುದಿಲ್ಲ ಅನ್ನುವುದು ಬೋನಸ್ಸು. ಓನರ್‌ಗಳು ಮೊದಲು ನೋಡುವುದೇ ಅದನ್ನು.

ಅವತ್ತಿನಿಂದ ನಾಲ್ಕೂ ಚಕ್ರಕ್ಕೆ ಬೆಲ್ಟು ಹಾಕುತ್ತೇನೆ. ಚಕ್ರದ ಮುಂದೆ ಹಿಂದೆ ಅಡ್ಡ ಮರದ ತುಂಡು. ಎರಡು ಬೆಲ್ಟು ಸಾಕು ಅನ್ನುವವರಿದ್ದಾರೆ. ಅಮೆರಿಕದ ನಿಯಮದಲ್ಲೂ ನಾಲ್ಕೂವರೆ ಟನ್ನಿನ ಒಳಗಿನ ಗಾಡಿಗೆ ಮುಂದೊಂದು ಹಿಂದೊಂದು, ಕನಿಷ್ಠ ಎರಡು ಅಂತಲೇ ಇದೆ. ಆದರೆ ಅವರ ರಸ್ತೆಯಲ್ಲಿ ನಮ್ಮ ಹಂಪುಗಳಿಲ್ಲ.

ಬೆಲ್ಟು ಕೊಳ್ಳುವಾಗ ಒಂದು ಮೋಸ ಇದೆ. ಮೋಸ ಅನ್ನುವುದಕ್ಕಿಂತ ಅರ್ಧ ಸತ್ಯ. ಅಂಗಡಿಯಲ್ಲಿ "ಐದು ಟನ್ ಬೆಲ್ಟು ಸಾರ್" ಅಂತ ಕೊಡುತ್ತಾರೆ. ಐದು ಟನ್ ಅಂದರೆ ಅದು ಹರಿಯುವ ಲೆಕ್ಕ, ಹೊರುವ ಲೆಕ್ಕ ಅಲ್ಲ. ಹೊಲಿದಿರುವ ಚೀಟಿ ಓದಬೇಕು. ಯುರೋಪಿನ ಲೆಕ್ಕದ ಚೀಟಿಯಲ್ಲಿ ಎಲ್‌ಸಿ 2500 (ಎಲ್‌ಸಿ ಅಂದರೆ ಬೆಲ್ಟು ಕಟ್ಟಿದಾಗ ತಡೆಯುವ ಎಳೆತ) ಅಂತ ಇದ್ದರೆ ಸುಮಾರು ಎರಡೂವರೆ ಟನ್ ಎಳೆತಕ್ಕೆ ನಂಬಬಹುದು. ಅಮೆರಿಕದ ಲೆಕ್ಕದಲ್ಲಿ ಹರಿಯುವ ಭಾರದ ಮೂರನೇ ಒಂದು ಭಾಗ ಮಾತ್ರ. ಚೀಟಿಯೇ ಇಲ್ಲದ ಬೆಲ್ಟನ್ನು ನಾನು ಮುಟ್ಟುವುದಿಲ್ಲ. ಜೋರು ಬ್ರೇಕಿನಲ್ಲಿ ಕಾರು ತನ್ನ ತೂಕದ ನೂರಕ್ಕೆ ಎಂಬತ್ತರಷ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ ಅಂತ ಹಿಡಿದು ಕಟ್ಟಬೇಕು. 1800 ಕೆಜಿ ಗಾಡಿ ಆದರೆ 1440 ಕೆಜಿ. ಪಕ್ಕಕ್ಕೆ ತೂಕದ ಅರ್ಧ.

ಬೆಲ್ಟಿಗೆ ಗಂಟು ಹಾಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹಗ್ಗಕ್ಕೆ ಗಂಟು ಸರಿ, ಬೆಲ್ಟಿನ ಅರ್ಧ ಶಕ್ತಿ ಗಂಟಲ್ಲೇ ಹೋಗುತ್ತದೆ. ಅಂಚು ಹರಿದಿದ್ದರೂ ಎಸೆಯಬೇಕು. ಬಿಸಿಲಿಗೆ ಬಣ್ಣ ಹೋಗಿ ಗರಿಗರಿ ಆಗಿದ್ದರೂ ಅಷ್ಟೇ. ನನ್ನ ಹಳೇ ಬೆಲ್ಟುಗಳೆಲ್ಲ ಈಗ ಅತ್ತೆ ಮನೆಯಲ್ಲಿ ಹುಲ್ಲಿನ ಬಣವೆ ಮೇಲಿವೆ.

ಗುದ್ದಿದ ಗಾಡಿಗೆ ಮಾತ್ರ ಈ ಚಕ್ರದ ಸೂತ್ರ ನಡೆಯುವುದಿಲ್ಲ. ಚಕ್ರ ಮುರಿದು ವಾಲಿರುತ್ತದೆ, ಟೈರಿನಲ್ಲಿ ಗಾಳಿ ಇರುವುದಿಲ್ಲ. ಗಾಳಿ ಇಳಿದಂತೆ ಬೆಲ್ಟೂ ಸಡಿಲ. ಆಗ ಕೆಳಗೆ ಮಲಗಿ ಆಕ್ಸಲ್‌ಗೆ ಅಥವಾ ಚಕ್ರ ಹಿಡಿದಿರುವ ಕೆಳಗಿನ ತೋಳಿಗೆ (ಲೋವರ್ ಆರ್ಮ್) ಹಾಕಬೇಕು. ಅವು ಸ್ಪ್ರಿಂಗಿನ ಕೆಳಗಿನ ಭಾಗ, ಚಕ್ರದ ಜೊತೆಗೇ ಇರುತ್ತವೆ. ಸ್ಟೇರಿಂಗ್ ರಾಡಿಗೋ ಬ್ರೇಕ್ ಪೈಪಿಗೋ ತಗಲಿಸಿದರೆ ಗ್ಯಾರೇಜಿನವನಿಗೆ ಇನ್ನೊಂದು ಕೆಲಸ ಕೊಟ್ಟಂತೆ. ಎಲೆಕ್ಟ್ರಿಕ್ ಕಾರಾದರೆ ಕೆಳಗೆ ಹೊಟ್ಟೆ ತುಂಬ ಬ್ಯಾಟರಿ. ಅಲ್ಲಿ ಕೊಕ್ಕೆ ಹಾಕಲು ಜಾಗ ಹುಡುಕುವುದೇ ತಪ್ಪು. ಅದನ್ನು ಚಕ್ರ ನೆಲಕ್ಕೆ ತಾಗಿಸಿ ಎಳೆದುಕೊಂಡು ಹೋಗುವುದೂ ಬೇಡ. ಚಕ್ರ ತಿರುಗಿದರೆ ಮೋಟರ್ ತಿರುಗಿ ಕರೆಂಟು ಹುಟ್ಟುತ್ತದೆ.

ದೇವರಾಯನದುರ್ಗದ ಬೆಟ್ಟದಿಂದ ಕಾರು ಇಳಿಸುವ ದಿನ ನಾನು ಬೆಳಿಗ್ಗೆಯೇ ದೇವರಿಗೆ ಕೈ ಮುಗಿದು ಹೊರಡುತ್ತೇನೆ. ತಿರುವು ಜಾಸ್ತಿ, ಇಳಿಜಾರು ಜಾಸ್ತಿ, ಜೊತೆಗೆ ಕೋತಿ. ಹೋದ ವರ್ಷ ಒಂದು ಕುಟುಂಬದ ಕಾರಿನ ಬ್ರೇಕು ಹೋಗಿ ಮೇಲೆ ನಿಂತಿತ್ತು. ಡೆಕ್ಕಿಗೆ ಹತ್ತಿಸಿದ ಮೇಲೆ ಅಜ್ಜಿ ಇಳಿಯಲೇ ಒಲ್ಲೆ ಅಂದರು. "ನಾನು ಇಲ್ಲೇ ಕೂತ್ಕೊಂಡು ಬರ್ತೀನಿ, ಮಂಡಿ ನೋವು." ಅಜ್ಜಿ, ಕಾರನ್ನು ಕಟ್ಟೋಕೆ ನನ್ನ ಹತ್ತಿರ ಬೆಲ್ಟಿದೆ, ನಿಮ್ಮನ್ನು ಕಟ್ಟೋಕೆ ಇಲ್ಲ ಅಂದೆ. ಕೊನೆಗೆ ಮೊಮ್ಮಗ ಎತ್ತಿಕೊಂಡು ಇಳಿಸಿದ. ನಾಮದ ಚಿಲುಮೆ ತನಕ ನನ್ನ ಪಕ್ಕದಲ್ಲಿ ಕೂತು ಮಾತೇ ಆಡಲಿಲ್ಲ.

ಹೊರಟ ಮೇಲೆ ಒಂದು ಸಲ ನಿಲ್ಲಿಸಿ ನೋಡುವುದು, ಅದನ್ನು ಬಿಟ್ಟರೆ ಮೇಲಿನದೆಲ್ಲ ವ್ಯರ್ಥ. ಟೈರು ಡೆಕ್ಕಿನ ಮೇಲೆ ಸರಿಯಾಗಿ ಕೂರಲು, ಬೆಲ್ಟು ಎಳೆದುಕೊಳ್ಳಲು ಸ್ವಲ್ಪ ದೂರ ಬೇಕು. ಅಮೆರಿಕದಲ್ಲಿ ಮೊದಲ 80 ಕಿಲೋಮೀಟರ್ ಒಳಗೆ ಅಂತ ಕಾನೂನು. ನನ್ನದು ಮೊದಲ ಹತ್ತರ ಒಳಗೆ. ಶಿರಾ ಕಡೆಯಿಂದ ಬಂದರೆ ಆಮೇಲೆ ಕಳ್ಳಂಬೆಳ್ಳ ಕೆರೆ ಹತ್ತಿರ ಇನ್ನೊಂದು ಸಲ.

ಮೊನ್ನೆ ಅಪ್ಪ ಸುಮ್ನೆ ಜೊತೆಗೆ ಬಂದಿದ್ದರು. ಶಿರಾದಲ್ಲಿ ಒಂದು ಆಲ್ಟೊ ಹಾಕಿಕೊಂಡೆವು. ಡೆಕ್ಕು ಓರೆ ಮಾಡಿದಾಗ ಶುರುವಾದ ಅದರ ಅಲಾರಂ ಊರು ಮುಟ್ಟುವ ತನಕ ಆಗಾಗ ಬಡಿದುಕೊಳ್ಳುತ್ತಲೇ ಇತ್ತು. ಕಳ್ಳಂಬೆಳ್ಳದಲ್ಲಿ ನಿಲ್ಲಿಸಿ ನಾನು ನೀರು ಕುಡಿಯುತ್ತಿದ್ದೆ. ಎಪ್ಪತ್ತೆರಡರ ಮನುಷ್ಯ, ಪಂಚೆ ಎತ್ತಿ ಕಟ್ಟಿ ಡೆಕ್ಕಿಗೆ ಹತ್ತಿದ್ದರು. ಒಂದೊಂದೇ ಟೈರಿನ ಮೇಲೆ ಬೆಲ್ಟು ಮೀಟುತ್ತ ಸುತ್ತಿದರು. ರಬ್ಬರ್ ಮೇಲೆ ಕೂತ ಬೆಲ್ಟು ಟಣ್ ಅನ್ನುವುದಿಲ್ಲ, ಅದು ಅವರಿಗೆ ಸಮಾಧಾನ ಇಲ್ಲ. ಎಡಗಡೆ ಹಿಂದಿನ ಚಕ್ರದ ಹತ್ತಿರ ನಿಂತರು.

"ಇದು ಬೊಸ್ ಅಂತೈತೆ."

ಹೋಗಿ ಹಿಡಿ ಎಳೆದೆ. ರ‍್ಯಾಚೆಟ್ ಎರಡು ಹಲ್ಲು ತಗೊಂಡಿತು.