ಒಸಾಕಾದಲ್ಲಿ ಅಮ್ಮನಿಗೆ ಸಿಕ್ಕ ಗೆಳತಿ

23 ನವೆಂಬರ್ 2023, ಗುರುವಾರ
ನಾಗೊಯಾ, ರಾತ್ರಿ 10:40

ಕಾಲು ಬಿದ್ದುಹೋಗಿವೆ. ಮಗಳು ಶೂ ಬಿಚ್ಚುವಾಗಲೇ ಬಾಗಿಲ ಹತ್ತಿರ ನಿದ್ದೆ ಹೋದಳು. ಮರೆಯುವ ಮೊದಲು ಬರೆದಿಡುತ್ತೇನೆ.

ಅಮ್ಮ ದಾವಣಗೆರೆಯಿಂದ ಬಂದು ಎರಡು ತಿಂಗಳಾಯಿತು. ಅವರದು ಒಂದೇ ದೂರು. "ಇಷ್ಟು ಜನ ರೈಲಲ್ಲಿ ಕೂತಿರ್ತಾರೆ, ಒಬ್ಬರೂ ಯಾವ ಊರು ಅಂತ ಕೇಳಲ್ವಲ್ಲೇ!" ಇವತ್ತು ಇಲ್ಲಿ ದುಡಿಯುವವರಿಗೆ ಥ್ಯಾಂಕ್ಸ್ ಹೇಳುವ ದಿನ, ರಜೆ. ಹಾಗಾಗಿ ಒಸಾಕಾಗೆ ಹೊರಟೆವು. ಶಿಂಕಾನ್ಸೆನ್ ಬುಲೆಟ್ ರೈಲಾದರೆ ಸುಮಾರು 50 ನಿಮಿಷ. ನಾವು ಹತ್ತಿದ್ದು ಕೆಂಪು ಬಣ್ಣದ ಹಿನೊತೊರಿ ರೈಲು. ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ, ಆದರೆ ದುಡ್ಡು ಕಡಿಮೆ.

ಒಸಾಕಾದ ನಂಬಾ ಸ್ಟೇಷನ್‌ನಲ್ಲಿ ಇಳಿದ ತಕ್ಷಣ ಎಸ್ಕಲೇಟರ್‌ನಲ್ಲಿ ತಪ್ಪಾಯಿತು. ನಾವು ಎಡಕ್ಕೆ ನಿಂತೆವು. ಒಸಾಕಾದಲ್ಲಿ ಬಲಕ್ಕೆ ನಿಲ್ಲಬೇಕು, ಎಡಗಡೆ ನಡೆಯುವವರಿಗೆ. ನಾಗೊಯಾದಲ್ಲಿ ಅಕ್ಟೋಬರ್‌ನಿಂದ ಎಸ್ಕಲೇಟರ್ ಮೇಲೆ ನಡೆಯಲೇಬಾರದು ಅಂತ ಹೊಸ ನಿಯಮ ಬಂದಿದೆ. ಒಂದೇ ದೇಶ, ಊರಿಗೊಂದು ಪದ್ಧತಿ.

ಮೊದಲು ಕೋಟೆ. ಆಗ ಜಪಾನ್ ಆಳುತ್ತಿದ್ದ ಸೇನಾನಾಯಕ ಟೊಯೊಟೊಮಿ ಹಿದೆಯೋಶಿ 1583ರಲ್ಲಿ ಶುರು ಮಾಡಿದ್ದು. ಆಮೇಲೆ ಯುದ್ಧಕ್ಕೆ ಬಿತ್ತು, ಮತ್ತೆ ಕಟ್ಟಿದ ಗೋಪುರ ಸಿಡಿಲಿಗೆ ಸುಟ್ಟಿತು. ಈಗಿರುವುದು 1931ರಲ್ಲಿ ಊರಿನವರು ಚಂದಾ ಎತ್ತಿ ಕಟ್ಟಿಸಿದ ಕಾಂಕ್ರೀಟ್ ಕಟ್ಟಡ. ಒಳಗೆ ಲಿಫ್ಟ್! ನನಗೆ ಸ್ವಲ್ಪ ಪಿಚ್ಚೆನಿಸಿತು. ಮಂಡಿ ನೋವಿನ ಅಮ್ಮನಿಗೆ ಮಾತ್ರ ಕೋಟೆಯಲ್ಲಿ ಎಲ್ಲಕ್ಕಿಂತ ಇಷ್ಟವಾಗಿದ್ದು ಅದೇ. ಪಾರ್ಕಿನಲ್ಲಿ ಹಳದಿ ಗಿಂಕೊ ಮರಗಳ ಕೆಳಗೆ ಚಪಾತಿ, ಶೇಂಗಾ ಚಟ್ನಿ ಬಿಚ್ಚಿದೆವು. ಉದುರಿದ ಗಿಂಕೊ ಹಣ್ಣಿನ ಗಬ್ಬು ವಾಸನೆಗೆ ಜಾಗ ಬದಲಾಯಿಸಬೇಕಾಯಿತು.

ಮಧ್ಯಾಹ್ನ ಮಿದೊಸುಜಿ ರಸ್ತೆಗೆ ಬಂದರೆ ಹೆಜ್ಜೆ ಇಡಲು ಜಾಗವಿಲ್ಲ. ಎಲ್ಲರ ಮೈಮೇಲೂ ಹಳದಿ ಕಪ್ಪು ಪಟ್ಟೆ. ಹನ್ಶಿನ್ ಟೈಗರ್ಸ್ ಬೇಸ್‌ಬಾಲ್ ತಂಡದ ವಿಜಯ ಮೆರವಣಿಗೆ ಇವತ್ತೇ ಅಂತೆ. ಬರುವ ಮುಂಚೆ ನೋಡಿಕೊಳ್ಳಬಾರದೇ ಅಂತ ಇವರ ಮೇಲೆ ರೇಗಿದೆ. 1985ರಲ್ಲಿ ಒಂದು ಸಲ ಕಪ್ ಗೆದ್ದಿದ್ದ ತಂಡ, ಮತ್ತೆ ಗೆದ್ದಿದ್ದು ಈ ತಿಂಗಳು 5ನೇ ತಾರೀಖು. 38 ವರ್ಷ! 1985ರ ಖುಷಿಯಲ್ಲಿ ಜನ ಕೆಎಫ್‌ಸಿ ಅಂಗಡಿ ಮುಂದಿದ್ದ ಮುದುಕನ ಬೊಂಬೆ ಎತ್ತಿ ದೊತೊಂಬೊರಿ ಕಾಲುವೆಗೆ ಎಸೆದರಂತೆ. ಅವನ ಶಾಪದಿಂದಲೇ ಇಷ್ಟು ವರ್ಷ ಸೋಲು ಅಂತ ಮಾತು. ಬೊಂಬೆ ಕೆಸರಿನಿಂದ ಸಿಕ್ಕಿದ್ದು 2009ರಲ್ಲಿ. 16 ಸೀಸನ್‌ನಿಂದ 'ಈ ಸಲ ಕಪ್ ನಮ್ದೇ' ಅನ್ನುತ್ತಿರುವ ಆರ್‌ಸಿಬಿ ಭಕ್ತ ನನ್ನ ಗಂಡ. ಈ ಕಥೆ ಕೇಳಿ ಯಾಕೋ ಕಣ್ಣೊರೆಸಿಕೊಂಡರು. ನಮ್ಮವರು ಯಾವ ಬೊಂಬೆ ಎಲ್ಲಿ ಎಸೆದಿದ್ದಾರೋ ಹುಡುಕಬೇಕು, ಅಲ್ವಾ?

ಆ ಗಲಾಟೆಯಲ್ಲೇ ಹುಲಿ ಪಟ್ಟೆ ಟೋಪಿ ಹಾಕಿಕೊಂಡ ಒಬ್ಬ ಅಜ್ಜಿ ಅಮ್ಮನ ಸೀರೆ ಸೆರಗು ಮುಟ್ಟಿ ನೋಡಿದರು. ಚೀಲಕ್ಕೆ ಕೈ ಹಾಕಿ ಮಗಳಿಗೆ ಪೆಪ್ಪರ್‌ಮೆಂಟು ಕೊಟ್ಟರು. "ಅಮೆ-ಚಾನ್." ಒಸಾಕಾ ಹೆಂಗಸರ ಚೀಲದಲ್ಲಿ ಅದು ಸದಾ ಇರುತ್ತದೆ ಅಂತ ಕೇಳಿದ್ದೆ. ಪುಟ್ಟ ಮಕ್ಕಳ ಹೆಸರಿಗೆ ಸೇರಿಸುವ 'ಚಾನ್' ಅನ್ನು ಪೆಪ್ಪರ್‌ಮೆಂಟಿಗೂ ಸೇರಿಸುತ್ತಾರೆ. ಅಮ್ಮ ಸುಮ್ನೆ ಬಿಡುತ್ತಾರೆಯೇ? ತಮ್ಮ ಚೀಲದಿಂದ ಶೇಂಗಾ ಚಿಕ್ಕಿ ತೆಗೆದರು. ಅಜ್ಜಿ "ಓಕಿನಿ" ಅಂದರು, ಅದು ಒಸಾಕಾ ಕಡೆಯ ಥ್ಯಾಂಕ್ಸ್. ಅರಿಗಾತೊ ಅಂತ ಕ್ಲಾಸಿನಲ್ಲಿ ಕಲಿತ ನನ್ನ ಜಪಾನಿ ಅಲ್ಲಿ ಅರ್ಧ ಕೆಲಸಕ್ಕೆ ಬರಲಿಲ್ಲ. ಮಂಗಳೂರಿನವರು ಕಲಬುರಗಿಯಲ್ಲಿ ಬಸ್ ಇಳಿದ ಹಾಗೆ. ಅಮ್ಮನಿಗೆ ಆ ತೊಂದರೆಯೇ ಇರಲಿಲ್ಲ. ಕನ್ನಡದಲ್ಲೇ ಶುರು ಮಾಡಿದರು. ಇಬ್ಬರೂ ಕಾಲು ಗಂಟೆ ಮಾತಾಡಿದರು. ಆಟಗಾರರ ಬಸ್ ಮುಂದೆ ಹೋಗಿದ್ದನ್ನು ಅಮ್ಮ ನೋಡಲೇ ಇಲ್ಲ.

ಸಂಜೆ ದೊತೊಂಬೊರಿ. ಗ್ಲಿಕೊ ಕಂಪನಿಯ ಜಾಹೀರಾತು ಬೋರ್ಡಿನಲ್ಲಿ ಓಡುವ ಮನುಷ್ಯನ ಮುಂದೆ ಫೋಟೊ ಆಯಿತು. ಪಕ್ಕದಲ್ಲಿ ಕಾವಲಿ ನೋಡಿ ಅಮ್ಮ, "ಏ, ಪಡ್ಡು!" ಅಂತ ಓಡಿದರು. ಅದೇ ಗುಳಿ, ಅದೇ ಕಡ್ಡಿಯಲ್ಲಿ ತಿರುವುವುದು. ಅದು ತಾಕೊಯಾಕಿ, ಒಳಗೆ ಆಕ್ಟೋಪಸ್ ಇರುತ್ತೆ ಅಂದೆ. ಮುಖ ಸಣ್ಣಗಾಯಿತು. ಆದರೂ ಅಂಗಡಿ ಹುಡುಗ ತಿರುವುವ ಸ್ಪೀಡು ನೋಡುತ್ತಾ ತುಂಬ ಹೊತ್ತು ನಿಂತರು.

ಈಗ ಅಮ್ಮ ಚಿಕ್ಕಮ್ಮನ ಜೊತೆ ಫೋನಿನಲ್ಲಿದ್ದಾರೆ. ಅಲ್ಲಿ ಇನ್ನೂ ಏಳು ಗಂಟೆ. ಕೋಟೆಯ ಸುದ್ದಿ ಎರಡೇ ಮಾತಿನಲ್ಲಿ ಮುಗಿಯಿತು. "ಒಬ್ಬಳು ಸಿಕ್ಕಿದ್ದಳು ಕಣೇ, ಒಳ್ಳೇ ಹೆಂಗಸು. ಅವಳಿಗೂ ಮಂಡಿ ನೋವಂತೆ. ಸೊಸೆ ಟೋಕಿಯೊದಲ್ಲಿ ಇದಾಳಂತೆ, ಬರೋದೇ ಇಲ್ವಂತೆ."

ಇಷ್ಟೆಲ್ಲ ಯಾವ ಭಾಷೆಯಲ್ಲಿ ಗೊತ್ತಾಯಿತೋ, ಪಕ್ಕದಲ್ಲೇ ನಿಂತಿದ್ದ ನನಗೆ ತಿಳಿಯಲಿಲ್ಲ.