ನೆಟ್ ಇಲ್ಲದಾಗಲೂ ಮೇಲ್ ಕೈಗೆ ಸಿಗಬೇಕು

ಮಳೆಗಾಲದಲ್ಲಿ ಮಲೆನಾಡಿನ ಮನೆಯಿಂದ ಕೆಲಸ ಮಾಡುವವರಿಗೆ ಇದೇನೂ ಹೊಸದಲ್ಲ. ಕರೆಂಟ್ ಹೋಗುತ್ತದೆ, ಹಿಂದೆಯೇ ಟವರ್ರೂ ಹೋಗುತ್ತದೆ, ಹೋದ ವರ್ಷದ ಒಂದು ಮೇಲ್ ನೋಡೋಣ ಅಂದರೆ ಬ್ರೌಸರ್ ಸುಮ್ನೆ ಸುತ್ತುತ್ತಾ ಇರುತ್ತದೆ. ನಮಗೆ ಬಂದ ಮೇಲ್ ನಮ್ಮ ಡಿಸ್ಕಿನಲ್ಲೂ ಇರಲೇಬೇಕು ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ.

ಥಂಡರ್‌ಬರ್ಡ್ (ಕಂಪ್ಯೂಟರಿನಲ್ಲಿ ಮೇಲ್ ಓದುವ ಪ್ರೋಗ್ರಾಂ) ಬಳಸುವವರಿಗೆ ಸುಲಭ, ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಒಂದು ಟಿಕ್ ಸಾಕು. ನಾನು ಲಿನಕ್ಸ್‌ನಲ್ಲಿ ಎಂಬಿಸಿಂಕ್ ಬಳಸುತ್ತೇನೆ, ಸರ್ವರಿನ ಮೇಲನ್ನು ಡಿಸ್ಕಿಗೆ ಇಳಿಸುವ ಪ್ರೋಗ್ರಾಂ ಅದು. ಉಬುಂಟುವಿನಲ್ಲಿ ಅದರ ಪ್ಯಾಕೇಜ್ ಹೆಸರು ಐಸಿಂಕ್. ಜಿಮೇಲ್ ಆದರೆ ಎರಡು ಹಂತದ ಲಾಗಿನ್ ಆನ್ ಮಾಡಿ, ಈ ಪ್ರೋಗ್ರಾಂಗೆಂದೇ ಬೇರೆಯಾದ ಆಪ್ ಪಾಸ್‌ವರ್ಡ್ ತಗೊಳ್ಳಿ. ಐಮ್ಯಾಪ್‌ನಲ್ಲಿ (ಇಂಥ ಪ್ರೋಗ್ರಾಂಗಳು ಸರ್ವರಿನ ಮೇಲ್ ಓದುವ ವಿಧಾನ) ದಿನಕ್ಕೆ 2500 ಎಂಬಿಗಿಂತ ಜಾಸ್ತಿ ಇಳಿಸಲು ಜಿಮೇಲ್ ಬಿಡುವುದಿಲ್ಲ, ಹಾಗಾಗಿ ಹಳೇ ಅಕೌಂಟ್ ಪೂರ್ತಿ ಇಳಿಯಲು ಕೆಲವು ದಿನ ಬೇಕು. ಮೂರು ಲೇಬಲ್ ಇರುವ ಮೇಲ್ ಮೂರು ಫೋಲ್ಡರಿಗೂ ಇಳಿಯುತ್ತದೆ, ಅದಕ್ಕೇ ‘ಆಲ್ ಮೇಲ್’ ಒಂದನ್ನೇ ಇಳಿಸಿಕೊಳ್ಳುವುದು ಒಳ್ಳೆಯದು.

ಇಳಿದದ್ದೆಲ್ಲ ಮೇಲ್‌ಡಿರ್ ರೂಪದಲ್ಲಿ ಕೂರುತ್ತದೆ. ಡೇನಿಯಲ್ ಬರ್ನ್‌ಸ್ಟೈನ್ ಕ್ಯೂಮೇಲ್ ಎಂಬ ಮೇಲ್ ಸರ್ವರಿಗಾಗಿ ಮಾಡಿದ ವ್ಯವಸ್ಥೆ ಇದು, ನನಗಂತೂ ಬಹಳ ಇಷ್ಟ. ಒಂದು ಮೇಲ್‌ಗೆ ಒಂದು ಫೈಲ್. ಫೈಲ್ ಹೆಸರಿನ ಕೊನೆಯಲ್ಲಿ ‘ಎಸ್’ ಇದ್ದರೆ ಓದಿದ್ದು, ‘ಆರ್’ ಇದ್ದರೆ ಉತ್ತರ ಬರೆದದ್ದು. ಮೇಲ್ ಮೊದಲು ‘ಟಿಎಂಪಿ’ ಫೋಲ್ಡರಿನಲ್ಲಿ ಪೂರ್ತಿ ಬರೆದುಕೊಂಡ ಮೇಲೇ ‘ನ್ಯೂ’ಗೋ ‘ಕರ್’ಗೋ ಹೋಗುತ್ತದೆ. ನಡುವೆ ಕರೆಂಟ್ ಹೋದರೂ ಅರ್ಧಂಬರ್ಧ ಮೇಲ್ ಪಟ್ಟಿಯಲ್ಲಿ ಕಾಣಿಸುವುದಿಲ್ಲ.

ಹುಡುಕುವಾಗ ಕನ್ನಡದವರು ಒಂದು ಗಮನಿಸಬೇಕು. ಕನ್ನಡದ ಮೇಲ್ ಫೈಲಿನೊಳಗೆ ಸಾಮಾನ್ಯವಾಗಿ ಅಕ್ಷರಗಳನ್ನು ಬೇರೆ ಸಂಕೇತಗಳಾಗಿಸುವ ಬೇಸ್64 ಥರದ ಎನ್‌ಕೋಡಿಂಗ್‌ನಲ್ಲಿ ಇರುತ್ತದೆ, ಹಾಗಾಗಿ ಗ್ರೆಪ್ ಕಮಾಂಡಿನಿಂದ ಫೈಲಿನಲ್ಲಿ ನೇರ ಹುಡುಕಿದರೆ ಏನೂ ಸಿಗಲ್ಲ. ನಾಟ್‌ಮಚ್ ಎಂಬ ಮೇಲ್ ಹುಡುಕುವ ಪ್ರೋಗ್ರಾಂ ಅದನ್ನು ಬಿಡಿಸಿ ಇಂಡೆಕ್ಸ್ ಮಾಡುತ್ತದೆ. ಆದರೆ ನಮ್ಮ ವಿಭಕ್ತಿಗಳು ಅದಕ್ಕೆ ತಿಳಿಯುವುದಿಲ್ಲ ನೋಡಿ, ‘ರಸೀದಿ’ ಅಂತ ಕೊಟ್ಟರೆ ‘ರಸೀದಿಯನ್ನು’ ಬರುವುದಿಲ್ಲ. ‘ರಸೀದಿ*’ ಅಂತ ನಕ್ಷತ್ರ ಸೇರಿಸಿ ಕೊಡಿ, ಎರಡೂ ಬರುತ್ತವೆ.

ಎಲ್ಲಕ್ಕಿಂತ ಮುಖ್ಯ, ಅಳಿಸಿದ್ದೂ ಸಿಂಕ್ ಆಗುತ್ತದೆ. ಎಂಬಿಸಿಂಕ್‌ನ ಸೆಟ್ಟಿಂಗ್ ಫೈಲಾದ ಕಾನ್ಫಿಗ್‌ನಲ್ಲಿ ‘ಎಕ್ಸ್‌ಪಂಜ್ ಬೋತ್’ (ಎರಡೂ ಕಡೆ ಅಳಿಸು) ಇದ್ದರೆ, ಫೋನಿನಲ್ಲಿ ಕೈತಪ್ಪಿ ಅಳಿಸಿದ ಮೇಲ್ ಮುಂದಿನ ಸಿಂಕ್‌ನಲ್ಲಿ ಲ್ಯಾಪ್‌ಟಾಪಿನಿಂದಲೂ ಹೋಗುತ್ತದೆ. ಬೇರೆಯವರ ಕಾನ್ಫಿಗ್ ಕಾಪಿ ಮಾಡುವ ಮುಂಚೆ ಆ ಸಾಲು ನೋಡಿ, ದಯವಿಟ್ಟು. ಓದಲು, ಹುಡುಕಲು ಮಾತ್ರ ಪ್ರತಿ ಬೇಕಿದ್ದರೆ ‘ಸಿಂಕ್ ಪುಲ್‌ನ್ಯೂ’ ಹಾಕಿ: ಹೊಸದು ಇಳಿಯುತ್ತದೆ, ಅಲ್ಲಿ ಅಳಿಸಿದ್ದು ಇಲ್ಲಿ ಉಳಿಯುತ್ತದೆ. ಬ್ಯಾಂಕು, ಆಧಾರ್ ಕಾಗದಗಳೆಲ್ಲ ಅದರಲ್ಲೇ ಇರುತ್ತವೆ ಅಲ್ವಾ, ಹಾಗಾಗಿ ಮೊದಲು ಡಿಸ್ಕ್ ಎನ್‌ಕ್ರಿಪ್ಟ್ ಮಾಡಿ, ಆಮೇಲೆ ಇಳಿಸಲು ಶುರು ಮಾಡಿ.